ಗುಳಿಗಿ ನಾಟವಲ್ದು ಅಂದ್ರ ತಪ್ಪು ಮೈಯಾಗಿಲ್ಲ, ಬ್ಯಾಕ್ಟೀರಿಯಾದ ಎಂಜೈಮಿನ್ಯಾಗ ಐತಿ

ಸಂಪಾದಕರಿಗೆ ನಮಸ್ಕಾರ್ರಿ,

ಮೊನ್ನೆ ನಿಮ್ಮ ಪೇಪರಿನ ಆರೋಗ್ಯದ ಪುಟದಾಗ, ಆಂಟಿಬಯಾಟಿಕ್ ಪದೇ ಪದೇ ತಗೊಂಡ್ರ ನಮ್ಮ ಮೈ ಅದಕ್ಕ ಒಗ್ಗಿ ಹೋಗತೈತಿ, ಆಮ್ಯಾಲೆ ಔಷಧ ನಾಟೂದಿಲ್ಲ ಅಂತ ಬರದಿದ್ರಿ. ಅದ ದಿನದ ಕೃಷಿ ಪುಟದಾಗ ದಾಳಿಂಬರಿ ದುಂಡಾಣು ಅಂಗಮಾರಿ ರೋಗಕ್ಕ ಸ್ಟ್ರೆಪ್ಟೋಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಪುಡಿ ಕಾಪರ್ ಜೋಡಿ ಕಲಸಿ ಹೊಡಿರಿ, ಮಳಿ ಬಿದ್ರ ಮತ್ತೊಮ್ಮೆ ಹೊಡಿರಿ ಅಂತ ಸಲಹೆ ಇತ್ತು. ಎರಡೂ ಪುಟ ಬರದಾವ್ರು ಬ್ಯಾರೆ ಬ್ಯಾರೆ ಇರಬಹುದು, ಆದ್ರ ವಿಷಯ ಒಂದ ರೀ, ಮತ್ತ ಎರಡ್ರಾಗೂ ಒಂದ ಸಂಗತಿ ಬಿಟ್ಟು ಹೋಗೈತಿ, ಅದು ಬ್ಯಾಕ್ಟೀರಿಯಾ ಮಾಡೋ ಎಂಜೈಮು, ಅಂದ್ರ ಜೀವಕೋಶದಾಗ ರಾಸಾಯನಿಕ ಕೆಲಸ ನಡಸೋ ಪ್ರೋಟೀನು. ನಾನು ಡಿಗ್ರಿ ಕಾಲೇಜಿನ್ಯಾಗ ಮೈಕ್ರೋಬಯಾಲಜಿ ಕಲಸಾಂವ, ಮನಿದು ದಾಳಿಂಬರಿ ತ್ವಾಟಾನೂ ಐತಿ, ಹಿಂಗಾಗಿ ಎರಡೂ ಪುಟಕ್ಕ ನಾನು ಸಂಬಂಧಪಟ್ಟಾಂವ. ಪತ್ರ ಉದ್ದ ಆದ್ರೂ ಕತ್ತರಿ ಹಾಕದ ಛಾಪಸ್ರಿ ಅಂತ ಕೇಳ್ಕೋತೀನಿ.

ಮೊದಲ ಒಂದು ಮಾತು. ಮೈ ಒಗ್ಗೂದಿಲ್ಲ. ಜೀವಮಾನದಾಗ ಒಂದ್ಸಲಾನೂ ಆಂಟಿಬಯಾಟಿಕ್ ಮುಟ್ಟಲಾರದ ಮುದುಕಗೂ ಔಷಧ ನಾಟಲಾರದಂಥ ಸೋಂಕು ಬರಬಹುದು, ಈಗ ಹುಟ್ಟಿದ ಕೂಸಿಗೂ ಬರಬಹುದು, ಯಾಕಂದ್ರ ಬದಲಾಗಿದ್ದು ಅವರ ಮೈ ಅಲ್ಲ, ಅವರ ಮೈಯಾಗ ಹೊಕ್ಕಿದ್ದ ಬ್ಯಾಕ್ಟೀರಿಯಾ. ಔಷಧದ ಪವರ್ ಕಮ್ಮಿ ಆತು, ಕಂಪನಿಯವ್ರು ಡುಪ್ಲಿಕೇಟ್ ಮಾಡ್ಯಾರ ಅಂತಾನೂ ಮಂದಿ ಅಂತಾರ, ಬಹಳ ಸಲ ಅದೂ ಅಲ್ಲ, ಗುಳಿಗಿ ಛಲೋನ ಇರತೈತಿ, ಆದ್ರ ಬ್ಯಾಕ್ಟೀರಿಯಾ ಅದನ್ನ ಮುರದು ಹಾಕಿರತೈತಿ. ಮೂತ್ರದ ಸೋಂಕಿಗೆ ಯೂರಿನ್ ಕಲ್ಚರ್, ಅಂದ್ರ ಮೂತ್ರದಾಗಿನ ಬ್ಯಾಕ್ಟೀರಿಯಾ ಬೆಳಸಿ ಯಾವ ಔಷಧ ನಾಟತೈತಿ ಅಂತ ನೋಡೋ ಪರೀಕ್ಷಾ, ಮಾಡಿಸಿದವ್ರ ರಿಪೋರ್ಟ್ ತಗದು ನೋಡ್ರಿ, ಒಂದೊಂದು ಔಷಧದ ಮುಂದ ಎಸ್ ಇಲ್ಲಾ ಆರ್ ಅಂತ ಬರದಿರತಾರ, ಎಸ್ ಅಂದ್ರ ನಾಟತೈತಿ, ಆರ್ ಅಂದ್ರ ನಾಟೂದಿಲ್ಲ, ಮತ್ತ ಈಗೀಗ ತಳದಾಗ ಇಎಸ್‌ಬಿಎಲ್ ಪಾಸಿಟಿವ್ ಅಂತ ಒಂದು ಸಾಲು ಇರತೈತಿ. ಆ ಸಾಲು ಓದಿ ಮಂದಿ ಯಾವುದೋ ಹೊಸಾ ರೋಗ ಅಂತ ತಿಳಕೋತಾರ, ನನ್ನ ಹಂತೇಲೂ ಇದೇನ್ರಿ ಸರ್ ಅಂತ ರಿಪೋರ್ಟ್ ಹಿಡಕೊಂಡು ಬಂದವ್ರು ಅದಾರ. ಅದು ರೋಗದ ಹೆಸರಲ್ರಿ, ಎಂಜೈಮಿನ ಹೆಸರು. ಪೆನ್ಸಿಲಿನ್ ಜಾತಿ ಔಷಧ, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಇಂಥಾವನ್ನೆಲ್ಲಾ ಒಡಿಯೋ ಎಂಜೈಮು ಈ ಬ್ಯಾಕ್ಟೀರಿಯಾದಾಗ ಐತಿ ಅಂತ ಲ್ಯಾಬಿನವ್ರು ಹೇಳಾಕತ್ತಿರತಾರ.

ಒಡಿತೈತಿ ಅಂದ್ರ ಹೆಂಗ ಅನ್ನೋದು ತಿಳಕೊಂಡ್ರ ಮುಂದಿಂದೆಲ್ಲಾ ಸಲೀಸು. ಪೆನ್ಸಿಲಿನ್ ಅಣುವಿನ ನಡುವ ನಾಕ ಪರಮಾಣುಗಳ ಒಂದು ಸಣ್ಣ ಚೌಕ ಉಂಗುರ ಐತಿ, ಬೀಟಾ ಲ್ಯಾಕ್ಟಮ್ ಉಂಗುರ ಅಂತಾರ. ಆ ಪರಮಾಣುಗಳಿಗೆ ಅಷ್ಟು ಇಕ್ಕಟ್ಟಿನ್ಯಾಗ ಕೂಡೋದು ಸಹಜ ಅಲ್ಲ, ಹಸಿ ಜ್ವಾಳದ ದಂಟು ಬಗ್ಗಿಸಿ ಹಿಡದಂಗ ಅದು ಬಿಗಿಯಾಗಿ ಕುಂತಿರತೈತಿ, ಸ್ವಲ್ಪ ಆಸ್ಪದ ಸಿಕ್ರ ಸಾಕು ಬಿಚ್ಚಿಕೋತೈತಿ. ಬ್ಯಾಕ್ಟೀರಿಯಾ ತನ್ನ ಸುತ್ತಲ ಗೋಡಿ ಕಟ್ಟಾಕ ಕೆಲವು ಎಂಜೈಮು ಇಟ್ಟುಕೊಂಡಿರತೈತಿ, ಅವು ಪೆನ್ಸಿಲಿನ್ ನೋಡಿ ಇದು ಗೋಡಿಯ ಸಾಮಾನ ಅಂತ ಹಿಡಕೋತಾವ, ಉಂಗುರ ಬಿಚ್ಚಿ ಎಂಜೈಮಿಗೆ ಗಟ್ಟಿಯಾಗಿ ಅಂಟತೈತಿ, ಗೋಡಿ ಕಟ್ಟೋ ಕೆಲಸ ನಿಂತು ಬ್ಯಾಕ್ಟೀರಿಯಾ ಒಡದು ಸಾಯತೈತಿ. ಔಷಧ ಕೆಲಸ ಮಾಡೋದು ಹಿಂಗ. ಈಗ ಬೀಟಾ ಲ್ಯಾಕ್ಟಮೇಸ್ ಅನ್ನೋ ಎಂಜೈಮು ಮಾಡೋದೂ ಹೆಚ್ಚುಕಮ್ಮಿ ಅದನ್ನ, ಉಂಗುರ ಹಿಡದು ಬಿಚ್ಚತೈತಿ, ಆದ್ರ ಅಂಟಿಕೊಂಡು ಕುಂದ್ರೂದಿಲ್ಲ, ಒಂದು ನೀರಿನ ಅಣು ಸೇರಿಸಿ ಮುರದ ಪೆನ್ಸಿಲಿನ್ನನ್ನ ಕೈಬಿಟ್ಟು ಮುಂದಿನದನ್ನ ಹಿಡಿತೈತಿ. ಟೆಮ್-1 ಅನ್ನೋ ಎಂಜೈಮಿನ ಒಂದ ಒಂದು ಅಣು ಸೆಕೆಂಡಿಗೆ ಸುಮಾರು ಸಾವಿರ ಪೆನ್ಸಿಲಿನ್ ಅಣು ಮುರಿತೈತಿ. ಸೆಕೆಂಡಿಗೆ ಸಾವಿರ ರೀ. ಗುಳಿಗಿ 250ರ ಬದಲಿ 500 ನುಂಗಿದ್ರ ಏನಾಕೈತಿ ಹೇಳ್ರಿ.

ಇನ್ನೊಂದು ವಿಚಾರ, ಇದು ನನಗ ಪ್ರತಿ ವರ್ಷ ಹುಡುಗರಿಗೆ ಹೇಳುವಾಗ ಮೈ ಜುಮ್ ಅನಸತೈತಿ. ಈ ಬೀಟಾ ಲ್ಯಾಕ್ಟಮೇಸ್‌ಗಳ ರಚನೆ ನೋಡಿದ್ರ ಗೋಡಿ ಕಟ್ಟೋ ಎಂಜೈಮುಗಳ ರಚನೆಗೆ ಹೊಂದತೈತಿ, ಅಂದ್ರ ಯಾವ ಎಂಜೈಮನ್ನ ಪೆನ್ಸಿಲಿನ್ ಕೊಲ್ಲತೈತೋ ಅದರ ವಂಶದಾಗ ಪೆನ್ಸಿಲಿನ್ ಕೊಲ್ಲೋ ಎಂಜೈಮು ಹುಟ್ಟೈತಿ. ಯಾವಾಗ ಅಂದ್ರ ಇವತ್ತು ನಿನ್ನೆ ಅಲ್ಲ, 200 ಕೋಟಿ ವರ್ಷದ ಹಿಂದ ಅಂತ ವಿಜ್ಞಾನಿಗಳ ಅಂದಾಜು.

ಅದಕ್ಕ ನಾನು ಹೇಳೋದು, ಪ್ರತಿರೋಧ ಅನ್ನೋದು ನಾವು ಗುಳಿಗಿ ನುಂಗಾಕ ಹತ್ತಿದ ಮ್ಯಾಲೆ ಹುಟ್ಟಿದ್ದಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಾಗ ಲಂಡನ್ನಿನ್ಯಾಗ ಬೂಸ್ಟಿನಿಂದ ಪೆನ್ಸಿಲಿನ್ ಕಂಡಿದ್ದು ಎಲ್ಲಾರಿಗೂ ಗೊತ್ತು, ಶಾಲಿ ಪುಸ್ತಕದಾಗ ಐತಿ. ಆದ್ರ ಪುಸ್ತಕದಾಗ ಇರಲಾರದ್ದು ಏನಂದ್ರ, ಆಕ್ಸ್‌ಫರ್ಡಿನ ವಿಜ್ಞಾನಿಗಳು ಅಬ್ರಹಾಂ ಮತ್ತ ಚೈನ್ ಇಬ್ರೂ 1940ರ ಡಿಸೆಂಬರ್‌ದಾಗ ಒಂದು ಪತ್ರ ಪ್ರಕಟ ಮಾಡಿದ್ರು, ಪೆನ್ಸಿಲಿನ್ ಹಾಳ ಮಾಡೋ ಎಂಜೈಮು ಬ್ಯಾಕ್ಟೀರಿಯಾದಾಗ ಐತಿ ಅಂತ. ಆಕ್ಸ್‌ಫರ್ಡಿನವ್ರು ಮೊದಲನೇ ರೋಗಿಗೆ, ಅಲ್ಲಿಯ ಒಬ್ಬ ಪೊಲೀಸಗ, ಪೆನ್ಸಿಲಿನ್ ಕೊಟ್ಟಿದ್ದು 1941ರ ಫೆಬ್ರುವರಿದಾಗ. ಅಂದ್ರ ಔಷಧ ರೋಗಿ ಮೈಗೆ ಹೋಗೋಕಿಂತ ಮೊದಲ ಅದನ್ನ ಮುರಿಯೋ ಎಂಜೈಮು ಸಿಕ್ಕಿತ್ತು. ಫ್ಲೆಮಿಂಗ್ ತಾನೂ 1945ರ ನೊಬೆಲ್ ಭಾಷಣದಾಗ, ಕಮ್ಮಿ ಡೋಸ್ ತಗೊಂಡ್ರ ಬ್ಯಾಕ್ಟೀರಿಯಾ ಸಾಯಲಾರದ ಗಟ್ಟಿ ಆಗತಾವ ಅಂತ ಎಚ್ಚರಿಕೆ ಕೊಟ್ಟಾನ. ಯಾರು ಕೇಳಿದ್ರು? ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರಿಯೊಳಗ ಮೇರಿ ಬಾರ್ಬರ್ ಅನ್ನೋ ವೈದ್ಯೆ ಲೆಕ್ಕಾ ಇಟ್ಟಿದ್ಲು, ಅಲ್ಲಿಯ ಸ್ಟಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಾಗ ಪೆನ್ಸಿಲಿನ್ ನಾಟಲಾರದ್ದು 1946ರಾಗ ನೂರಕ್ಕ 14 ಇದ್ದದ್ದು 1948ಕ್ಕ 59 ಆಗಿತ್ತು, ಎರಡ ವರ್ಷದಾಗ. ಎಂಜೈಮು ಮೊದಲೂ ಇತ್ತು, ಅದು ಇದ್ದ ಬ್ಯಾಕ್ಟೀರಿಯಾ ಅಷ್ಟ ಉಳಕೊಂಡು ಬೆಳಿಯಾಕ ದಾರಿ ಮಾಡಿಕೊಟ್ಟಾವ್ರು ನಾವು.

ಈಗ ಮಣ್ಣಿಗೆ ಬರ್ತೀನಿ, ಯಾಕಂದ್ರ ನಮ್ಮ ದಾಳಿಂಬರಿ ಪುಡಿ ಅಲ್ಲಿಂದ ಬಂದೈತಿ. ಮೊದಲ ಮಳಿ ಬಿದ್ದಾಗ ಎರಿ ಹೊಲದಿಂದ ಬರತೈತಲ್ಲ ವಾಸನಿ, ಅದು ಸ್ಟ್ರೆಪ್ಟೋಮೈಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ ಮತ್ತ ಅದರ ಬಳಗ ಮಾಡೋ ಜಿಯೋಸ್ಮಿನ್ ವಾಸನಿ. ನಮ್ಮ ಆಂಟಿಬಯಾಟಿಕ್‌ಗಳೊಳಗ ಬಹಳಷ್ಟು ಈ ಬಳಗದಾವ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಾಗ ವಾಕ್ಸ್‌ಮನ್ ಲ್ಯಾಬಿನ ಆಲ್ಬರ್ಟ್ ಶಾಟ್ಜ್ 1943ರಾಗ ಸ್ಟ್ರೆಪ್ಟೋಮೈಸಿಸ್ ಗ್ರಿಸಿಯಸ್‌ನಿಂದ ಸ್ಟ್ರೆಪ್ಟೋಮೈಸಿನ್ ತಗದಾ, ಕ್ಷಯಕ್ಕ ಮೊದಲ ನಾಟಿದ ಆಂಟಿಬಯಾಟಿಕ್ ಅದ. ಟೆಟ್ರಾಸೈಕ್ಲಿನ್ ವಂಶದ ಮೊದಲನೇದು, ಆರಿಯೋಮೈಸಿನ್, 1948ರಾಗ ಲೆಡರ್ಲಿ ಕಂಪನಿ ಲ್ಯಾಬಿನಿಂದ ಬಂತು, ಬೆಂಜಮಿನ್ ಡಗ್ಗರ್ ಮಣ್ಣಾಗ ಹುಡುಕಿದ್ದು, ಆಗ ಅಲ್ಲಿ ಸಂಶೋಧನಾ ಮುಖ್ಯಸ್ಥರು ಆಗಿದ್ದವ್ರು ನಮ್ಮ ಭೀಮಾವರಂದಾಗ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲಾರದ್ದು ನನಗ ಬ್ಯಾಸರದ ಮಾತು, ಇರಲಿ.

ಆಂಟಿಬಯಾಟಿಕ್ ಅಂದ್ರ ಬ್ಯಾಕ್ಟೀರಿಯಾಕ್ಕ ವಿಷ, ಹಂಗಾದ್ರ ಆ ವಿಷ ಮಾಡೋ ಬ್ಯಾಕ್ಟೀರಿಯಾ ತನ್ನ ವಿಷಕ್ಕ ತಾನ ಯಾಕ ಸಾಯೂದಿಲ್ಲ? ಇಲ್ಲೇ ಇರೋದು ಎಲ್ಲಾ. ಸ್ಟ್ರೆಪ್ಟೋಮೈಸಿನ್ ಕೆಲಸ ಏನಂದ್ರ ಬ್ಯಾಕ್ಟೀರಿಯಾದೊಳಗ ಪ್ರೋಟೀನ್ ಮಾಡೋ ರೈಬೋಸೋಮಿಗೆ ಹೋಗಿ ಕುಂದ್ರೋದು, ಕುಂತು ಪ್ರೋಟೀನ್ ತಪ್ಪುತಪ್ಪಾಗಿ ತಯಾರ ಆಗುವಂಗ ಮಾಡೋದು. ಗ್ರಿಸಿಯಸ್ ಬ್ಯಾಕ್ಟೀರಿಯಾ ಅದನ್ನ ಮಾಡುವಾಗ ಅದಕ್ಕ ಫಾಸ್ಫೇಟ್ ಅನ್ನೋ ಒಂದು ಸಣ್ಣ ರಾಸಾಯನಿಕ ತುಣುಕು ಅಂಟಿಸೇ ಮಾಡತೈತಿ, ಫಾಸ್ಫೇಟ್ ಅಂಟಿದ ಸ್ಟ್ರೆಪ್ಟೋಮೈಸಿನ್ ರೈಬೋಸೋಮ್ ಮ್ಯಾಲೆ ಸರಿ ಕುಂದ್ರೂದಿಲ್ಲ, ಅಂದ್ರ ಒಳಗ ಇರೋತನಕ ವಿಷ ಅಲ್ಲ, ಹೊರಗ ಹಾಕಿದ ಮ್ಯಾಲೆ ಇನ್ನೊಂದು ಎಂಜೈಮು ಆ ಫಾಸ್ಫೇಟ್ ತಗದು ವಿಷ ಮಾಡತೈತಿ. ಹೊರಗಿನ ವಿಷ ತಿರುಗಿ ಒಳಗ ಬಂತಂದ್ರ ಮತ್ತ ಫಾಸ್ಫೇಟ್ ಅಂಟಿಸ್ತೈತಿ. ಎಂಥಾ ಅಚ್ಚುಕಟ್ಟು ವ್ಯವಸ್ಥೆ ನೋಡ್ರಿ. ಈಗ ಆಸ್ಪತ್ರಿ ಬ್ಯಾಕ್ಟೀರಿಯಾಕ್ಕ ಬರ್ರಿ, ಅವೂ ಸ್ಟ್ರೆಪ್ಟೋಮೈಸಿನ್, ಕ್ಯಾನಮೈಸಿನ್, ಜೆಂಟಾಮೈಸಿನ್ ಇವಕ್ಕ ಫಾಸ್ಫೇಟ್ ಅಂಟಸತಾವ, ಇಲ್ಲಾ ಅಸಿಟೈಲ್, ಅಡೆನೈಲ್ ಅನ್ನೋ ಅಂಥಾವ ಬ್ಯಾರೆ ತುಣುಕು ಅಂಟಸತಾವ. 1973ರಾಗ ಬೆನ್ವೆನಿಸ್ಟ್ ಮತ್ತ ಡೇವಿಸ್ ಅನ್ನೋ ಇಬ್ರು ಇದನ್ನ ಜೋಡಿಸಿ ನೋಡಿದ್ರು, ರೋಗಿಗಳಿಂದ ಬಂದ ಬ್ಯಾಕ್ಟೀರಿಯಾದ ಎಂಜೈಮು ಮಾಡೋ ಕೆಲಸಾನ ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ದ ಎಂಜೈಮು ಮಾಡತಾವ ಅಂತ ತೋರಿಸಿದ್ರು. ವಿಷ ಮಾಡಾಂವಾ ತನ್ನ ರಕ್ಷಣಾಕ್ಕ ಇಟ್ಟುಕೊಂಡಿದ್ದ ಸಾಧನ ಹೆಂಗೋ ಬ್ಯಾರೇವರ ಕೈಗೆ ಬಂದೈತಿ.

ಮಣ್ಣಿನ್ಯಾಗ ಇದು ಎಷ್ಟು ಐತಿ ಅಂದ್ರ, 2006ರಾಗ ಕೆನಡಾದವ್ರು ಮಣ್ಣಿನ 480 ತಳಿ ಬ್ಯಾಕ್ಟೀರಿಯಾ ತಗೊಂಡು 21 ಆಂಟಿಬಯಾಟಿಕ್ ಮ್ಯಾಲೆ ಹಚ್ಚಿ ನೋಡಿದ್ರ, ಒಂದೊಂದು ತಳಿ ಸರಾಸರಿ ಏಳೆಂಟು ಔಷಧಕ್ಕ ಬಗ್ಗಲಿಲ್ಲ. ಅದ ಕೆನಡಾದ ಯೂಕಾನ್ ಪ್ರದೇಶದಾಗ 30,000 ವರ್ಷದಿಂದ ಹೆಪ್ಪುಗಟ್ಟಿದ ಮಣ್ಣಾಗೂ ಪೆನ್ಸಿಲಿನ್, ಟೆಟ್ರಾಸೈಕ್ಲಿನ್, ವ್ಯಾಂಕೋಮೈಸಿನ್ ಇವಕ್ಕ ಪ್ರತಿರೋಧ ಕೊಡೋ ಜೀನ್, ಅಂದ್ರ ಎಂಜೈಮಿನಂಥಾ ಪ್ರೋಟೀನ್ ಮಾಡೋ ಸೂಚನೆ ಇರೋ ಡಿಎನ್‌ಎ ತುಣುಕು, 2011ರಾಗ ಸಿಕ್ಕಾವ. ಅಮೆರಿಕದ ನ್ಯೂ ಮೆಕ್ಸಿಕೋದ ಲೆಚುಗಿಯಾ ಗುಹೆಯೊಳಗ 40 ಲಕ್ಷ ವರ್ಷ ಹೊರಗಿನ ಗಾಳಿ ನೀರಿನ ಸಂಪರ್ಕ ಇಲ್ಲದ ಇದ್ದ ಬ್ಯಾಕ್ಟೀರಿಯಾದಾಗೂ ಹಂಗ. ಎರಿತ್ರೋಮೈಸಿನ್ನಿಗೆ, ವ್ಯಾಂಕೋಮೈಸಿನ್ನಿಗೆ ಬ್ಯಾರೆ ನಮೂನಿ ಎಂಜೈಮು ಅದಾವ, ಅವು ಔಷಧ ಮುಟ್ಟೂದಿಲ್ಲ, ಔಷಧ ಬಂದು ಕುಂದ್ರೋ ಜಾಗಾನ ಬದಲ ಮಾಡತಾವ, ಅದರ ವಿವರಕ್ಕ ಇಲ್ಲಿ ಹೋಗೂದಿಲ್ಲ.

ಹಂಗಾದ್ರ ಮಣ್ಣಾಗ ಯಾವಾಗ್ಲೋ ಇದ್ದದ್ದಕ್ಕ ಈಗ ಯಾಕ ಚಿಂತಿ ಮಾಡಬೇಕು ಅಂತ ಯಾರಾದ್ರೂ ಕೇಳಬಹುದು, ನನ್ನ ವಿದ್ಯಾರ್ಥಿಗಳೂ ಕೇಳತಾರ. ಚಿಂತಿ ಇರೋದು ಇದು ಒಂದರಿಂದ ಒಂದಕ್ಕ ಹರಿಯೋದ್ರಾಗ. ಬ್ಯಾಕ್ಟೀರಿಯಾದಾಗ ಪ್ಲಾಸ್ಮಿಡ್ ಅನ್ನೋ, ಕೈಬಳಿಯಂಗ ದುಂಡಗಿನ ಸಣ್ಣ ಡಿಎನ್‌ಎ ತುಣುಕು ಇರತಾವ, ಅದನ್ನ ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕ ಹಂಚಬಹುದು, ಪಕ್ಕದ್ದು ತನ್ನ ಜಾತಿದ ಇರಬೇಕು ಅಂತೇನಿಲ್ಲ. 1950ರ ದಶಕದಾಗ ಜಪಾನದಾಗ ರಕ್ತಭೇದಿ ರೋಗದ ಬ್ಯಾಕ್ಟೀರಿಯಾ ಒಮ್ಮೆಲೇ ನಾಕ ನಾಕ ಔಷಧಕ್ಕ ಬಗ್ಗಲಾರದಂಗ ಆದಾಗ ಈ ಗುಟ್ಟು ಹೊರಬಿತ್ತು. ನಮ್ಮ ದೇಶದ ಉದಾಹರಣಿನೂ ಐತಿ, 1972ರಾಗ ಕೇರಳದ ಕಲ್ಲಿಕೋಟಿಯೊಳಗ ವಿಷಮಜ್ವರ ಹಬ್ಬಿತು, ಆ ಕಾಲಕ್ಕ ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ಅಂದ್ರ ರಾಮಬಾಣ, ಅದು ನಾಟಲಿಲ್ಲ, ಅದ ವರ್ಷ ದೂರದ ಮೆಕ್ಸಿಕೋದಾಗೂ ಹಂಗ ಆತು. ಕ್ಲೋರಾಂಫೆನಿಕಾಲ್ ಸಹ ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ದಿಂದ ಬಂದ ಔಷಧ, ಅದಕ್ಕ ಅಸಿಟೈಲ್ ಅಂಟಿಸಿ ಕೆಡಿಸೋ ಎಂಜೈಮಿನ ಜೀನ್ ಪ್ಲಾಸ್ಮಿಡ್ ಹತ್ತಿ ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕ ಬರತೈತಿ. ಮ್ಯಾಲೆ ಹೇಳಿದ ಇಎಸ್‌ಬಿಎಲ್‌ದಾಗ ಈಗ ಹೆಚ್ಚು ಸಿಗೋದು ಸಿಟಿಎಕ್ಸ್-ಎಂ ಅನ್ನೋ ವಂಶ, ಅದರ ಮೂಲ ಕ್ಲೂವೆರಾ ಅನ್ನೋ ಬ್ಯಾಕ್ಟೀರಿಯಾದಾಗ ಐತಿ, ಅದು ನೀರು ಮಣ್ಣಾಗ ಇರೋದು, ಮನಷ್ಯಾರಿಗೆ ಅಷ್ಟು ತ್ರಾಸ ಕೊಡದ್ದು. ಅಲ್ಲಿಂದ ನಮ್ಮ ಕರಳಿನ್ಯಾಗ ಇರೋ ಇ-ಕೋಲೈ ಅನ್ನೋ ಬ್ಯಾಕ್ಟೀರಿಯಾಕ್ಕ ಬಂತು, ಇ-ಕೋಲೈದಿಂದ ಯೂರಿನ್ ರಿಪೋರ್ಟಿಗೆ ಬಂತು.

ಈಗ ನಮ್ಮ ಕಡೆ ತ್ವಾಟದ ಮಾತು. ದಾಳಿಂಬರಿ ಅಂಗಮಾರಿ ಮಾಡೋದು ಕ್ಸಾಂಥೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ, ಎಲಿ ಮ್ಯಾಲೆ ಎಣ್ಣಿ ಚುಕ್ಕಿ, ಕಾಯಿ ಮ್ಯಾಲೆ ಕರೀ ಚುಕ್ಕಿ, ಆಮ್ಯಾಲೆ ಕಾಯಿ ಸೀಳೋದು, ಅದನ್ನ ಅನುಭವಿಸಿದಾಂವಗ ಗೊತ್ತು. ಬಾಗಲಕೋಟಿ, ವಿಜಯಪುರ, ಕೊಪ್ಪಳ ಕಡೆ ಎಷ್ಟೋ ಮಂದಿ ಇದರ ಸಲುವಾಗಿ ತ್ವಾಟ ಕಿತ್ತು ಹಾಕ್ಯಾರ, ಸಾಲ ಮಾಡಿ ಹಚ್ಚಿದ ಗಿಡ ಜೆಸಿಬಿ ತರಿಸಿ ಕೀಳಸೋದು ಅಂದ್ರ ಹೆಂಗಿರತೈತಿ ಅನ್ನೋದನ್ನ ಪೇಟಿಯೊಳಗ ಕುಂತು ಬರಿಯಾಕ ಆಗೂದಿಲ್ಲ. ಅದಕ್ಕ ಅಂಗಡಿಯವ್ರು ಕೊಟ್ಟ ಪುಡಿ ರೈತ ಹೊಡದ್ರ ನಾನು ರೈತಗ ಬೈಯೂದಿಲ್ಲ. ಆದ್ರ ಆ ಪುಡಿ ಒಳಗ ಏನೈತಿ ಅನ್ನೋದು ಚೀಟಿ ಮ್ಯಾಲೆ ಬರದೈತಿ ನೋಡ್ರಿ, ನೂರಕ್ಕ 90 ಪಾಲು ಸ್ಟ್ರೆಪ್ಟೋಮೈಸಿನ್ ಸಲ್ಫೇಟ್, 10 ಪಾಲು ಟೆಟ್ರಾಸೈಕ್ಲಿನ್ ಹೈಡ್ರೋಕ್ಲೋರೈಡ್. ಮನಷ್ಯಾನ ಔಷಧ ರೀ ಅದು. ಅದನ್ನ ಪಂಪಿನಿಂದ ಎಕರೆಗಟ್ಟಲೆ ಹೊಡದಾಗ ಎಲಿಗೆ ಬೀಳೋದು ಸ್ವಲ್ಪ, ಉಳದಿದ್ದು ನೆಲಕ್ಕ, ಡ್ರಿಪ್ ಪೈಪಿನ ಬುಡಕ್ಕ, ಕಾಲುವಿಗೆ ಹೋಗತೈತಿ. ಅಲ್ಲಿ ತೆಳ್ಳಗ ಉಳದ ಔಷಧಾನೂ ಸುಮ್ನ ಇರೂದಿಲ್ಲ, ಬ್ಯಾಕ್ಟೀರಿಯಾ ಕೊಲ್ಲಾಕ ಬೇಕಾದ ಪ್ರಮಾಣಕ್ಕಿಂತ ಬಹಳ ಕಮ್ಮಿ ಇದ್ರೂ ಎಂಜೈಮು ಇದ್ದ ಬ್ಯಾಕ್ಟೀರಿಯಾ ಮುಂದಕ್ಕ ಬರತಾವ, ಇಲ್ಲದ್ದು ಹಿಂದ ಬೀಳತಾವ ಅಂತ ಪ್ರಯೋಗದಾಗ ಸಿದ್ಧ ಆಗೈತಿ.

ಇದಕ್ಕ ಹೊರಗಿನ ದೇಶದ ಗಟ್ಟಿ ಉದಾಹರಣಿ ಐತಿ. ಅಮೆರಿಕದಾಗ ಸೇಬು, ಪೇರು ತ್ವಾಟಕ್ಕ ಫೈರ್ ಬ್ಲೈಟ್ ಅಂತ ರೋಗ, ಅದಕ್ಕ ದಶಕಗಟ್ಟಲೆ ಸ್ಟ್ರೆಪ್ಟೋಮೈಸಿನ್ ಹೊಡದ್ರು, ಆಮ್ಯಾಲೆ ನಾಟಲಿಲ್ಲ. 1993ರಾಗ ಸೇಬಿನ ತ್ವಾಟದ ರೋಗಾಣು ತಗದು ನೋಡಿದ್ರ ಅದರಾಗ ಎಸ್‌ಟಿಆರ್-ಎ, ಎಸ್‌ಟಿಆರ್-ಬಿ ಅನ್ನೋ ಎರಡು ಜೀನ್ ಸಿಕ್ಕವು, ಎರಡೂ ಸ್ಟ್ರೆಪ್ಟೋಮೈಸಿನ್ನಿಗೆ ಫಾಸ್ಫೇಟ್ ಅಂಟಿಸೋ ಎಂಜೈಮಿನ ಜೀನ್. ಅವ ಜೀನ್, ಹೆಚ್ಚುಕಮ್ಮಿ ಅಕ್ಷರಕ್ಕ ಅಕ್ಷರ ಹೊಂದುವಂಗ, ಮನಷ್ಯಾರಿಂದ ದನದಿಂದ ತಗದ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ದಾಗ ಅದಕ್ಕೂ ಮೊದಲ ಕಂಡಿದ್ದವು. ಸೇಬಿನ ತ್ವಾಟ ಎಲ್ಲಿ, ಆಸ್ಪತ್ರಿ ಎಲ್ಲಿ, ಆದ್ರ ಎಂಜೈಮು ಒಂದ. ಹಿಂಗಿದ್ದಾಗ ಆರೋಗ್ಯದ ಪುಟದಾಗ ಆಂಟಿಬಯಾಟಿಕ್ ಹುಷಾರಾಗಿ ಬಳಸ್ರಿ ಅಂತ ಬರದು, ಬೆನ್ನಿಗೆ ಕೃಷಿ ಪುಟದಾಗ ಅದನ್ನ ಮಳಿ ಆದಾಗೊಮ್ಮೆ ಹೊಡಿರಿ ಅಂತ ಬರದ್ರ ಹೆಂಗ್ರಿ? ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ದಾಗ ಬೆಳಿಗೆ ಸ್ಟ್ರೆಪ್ಟೋಮೈಸಿನ್ ಟೆಟ್ರಾಸೈಕ್ಲಿನ್ ಬಳಸೋದು ಬಂದ್ ಮಾಡೋ ಕರಡು ಆದೇಶಾನ ಹೊರಡಿಸಿತ್ತು, ಮನಷ್ಯಾರ ಔಷಧಕ್ಕ ಪ್ರತಿರೋಧ ಬೆಳಿತೈತಿ ಅನ್ನೋದ ಅದರ ಹಿಂದಿನ ಚಿಂತಿ. ನಿಮ್ಮ ಕೃಷಿ ಪುಟದಾಗ ಅದರ ಒಂದು ಸಾಲೂ ಇರಲಿಲ್ಲ.

ರೈತಗ ಬ್ಯಾರೆ ದಾರಿ ಇಲ್ಲಂತಲ್ಲ. ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದವ್ರು, ನಮ್ಮ ಬಾಗಲಕೋಟಿ ತೋಟಗಾರಿಕಾ ವಿಶ್ವವಿದ್ಯಾಲಯದವ್ರು ಹೇಳಿಕೋತ ಬಂದಿದ್ದು ಹೊಸದೇನಲ್ಲ. ಮಳಿಗಾಲದ ಮೃಗ ಬಹಾರಕ್ಕಿಂತ (ಬಹಾರ ಅಂದ್ರ ಗಿಡ ಹೂ ಬಿಡೋ ಹಂಗಾಮ) ಮಳಿ ಮುಗಿಯೋ ಹೊತ್ತಿನ ಹಸ್ತ ಬಹಾರಕ್ಕ ಅಂಗಮಾರಿ ಕಾಟ ಕಮ್ಮಿ, ಯಾಕಂದ್ರ ಕಾಯಿ ಬೆಳಿಯೋದು ಒಣ ಹವಾದಾಗ. ರೋಗ ಇಲ್ಲದ ತ್ವಾಟದಿಂದ ಸಸಿ ತರೋದು, ಚಾಟನಿ ಮಾಡುವಾಗ, ಅಂದ್ರ ಟೊಂಗಿ ಕತ್ತರಿಸುವಾಗ, ಕತ್ತರಿ ಗಿಡದಿಂದ ಗಿಡಕ್ಕ ತೊಳಕೊಂಡು ಹೋಗೋದು, ಬಿದ್ದ ಎಲಿ ಕಾಯಿ ಬದುವಿನ ಮ್ಯಾಲೆ ಒಗಿಯಲಾರದ ಸುಡೋದು, ಮೈಲುತುತ್ತ ಸುಣ್ಣ ಕೂಡಿಸಿ ಮಾಡೋ ಬೋರ್ಡೋ ದ್ರಾವಣ ಹೊತ್ತಿಗೆ ಸರಿ ಹೊಡಿಯೋದು. ಇದ್ರಾಗ ಕಷ್ಟ ಐತಿ, ಆಳಿನ ಖರ್ಚು ಐತಿ, ಪುಡಿ ಚೀಟಿ ಹರಿದು ಡ್ರಮ್ಮಿಗೆ ಹಾಕಿದಷ್ಟು ಸುಲಭ ಇಲ್ಲ, ಒಪ್ಕೋತೀನಿ. ಆದ್ರ ಎಂಜೈಮು ಬಂದ ಕ್ಸಾಂಥೋಮೊನಾಸ್ ಮ್ಯಾಲೆ ಆ ಪುಡಿ ಹೊಡದ್ರೂ ರೊಕ್ಕ ಹೋಗೋದಷ್ಟ, ಚುಕ್ಕಿ ನಿಲ್ಲೂದಿಲ್ಲ, ಇದನ್ನಾದ್ರೂ ರೈತರಿಗೆ ತಿಳಿಸಿ ಹೇಳಬೇಕಲ್ರಿ.

ದನದ ಕಡೆನೂ ಹಂಗ ಐತಿ, ಕೆಚ್ಚಲ ಬಾವಿಗೆ ತಾವ ಆಂಟಿಬಯಾಟಿಕ್ ಟ್ಯೂಬ್ ತಂದು ಏರಿಸಿ ಮರುದಿನಾನ ಹಾಲು ಡೈರಿಗೆ ಹಾಕೋದು, ಇದು ನಿಲ್ಲಬೇಕು, ಹೆಚ್ಚಿಗಿ ಬರಿಯೂದಿಲ್ಲ. ಕೊಲಿಸ್ಟಿನ್ ಅನ್ನೋ ಕಟ್ಟಕಡೆಯ ಔಷಧಾನ ಕೋಳಿ ದನಕ್ಕ ಕೊಡೋದನ್ನ ಸರ್ಕಾರ 2019ರಾಗ ನಿಷೇಧ ಮಾಡ್ತು, ಅದಕ್ಕೂ ಕಾರಣ ಒಂದು ಎಂಜೈಮಿನ ಜೀನ, ಎಂಸಿಆರ್-1, 2015ರಾಗ ಚೀನಾದಾಗ ಸಿಕ್ಕಿದ್ದು.

ದವಾಖಾನಿ ಕಡೆ ಪರಿಸ್ಥಿತಿ ಹೆಂಗೈತಿ ಅಂತ ಎರಡು ಮಾತು. ಬೀಟಾ ಲ್ಯಾಕ್ಟಮೇಸ್‌ಗೆ ಮಣ್ಣಿನ ಬ್ಯಾಕ್ಟೀರಿಯಾನ ಒಂದು ಉತ್ತರಾನೂ ಕೊಟ್ಟೈತಿ, ಕ್ಲಾವುಲಾನಿಕ್ ಆಸಿಡ್, ಸ್ಟ್ರೆಪ್ಟೋಮೈಸಿಸ್ ಕ್ಲಾವುಲಿಜೆರಸ್ ಅನ್ನೋದು ಮಾಡತೈತಿ. ಅದರಾಗೂ ಆ ಚೌಕ ಉಂಗುರ ಐತಿ, ಎಂಜೈಮು ಅದನ್ನ ಮುರಿಯಾಕ ಹೋಗಿ ತಾನ ಅದಕ್ಕ ಅಂಟಿಕೊಂಡು ನಿಂತು ಹೋಗತೈತಿ, ಆ ಹೊತ್ತಿನ್ಯಾಗ ಜೋಡಿಗೆ ಇರೋ ಅಮಾಕ್ಸಿಸಿಲಿನ್ ಕೆಲಸ ಮಾಡತೈತಿ. ಮೆಡಿಕಲ್ ಅಂಗಡಿಯೊಳಗ ಮಂದಿ "ಒಂದು 625 ಕೊಡ್ರಿ" ಅಂತ ಕೇಳೋದು ಅದ ಗುಳಿಗಿ, 500 ಅಮಾಕ್ಸಿಸಿಲಿನ್, 125 ಕ್ಲಾವುಲಾನಿಕ್ ಆಸಿಡ್. ಅಷ್ಟು ಬೆಲಿಯುಳ್ಳ ಔಷಧಾನ ಜ್ವರಕ್ಕ, ನೆಗಡಿಗೆ, ಹಲ್ಲ ನೋವಿಗೆ ಚೀಟಿ ಇಲ್ಲದ ಒಯ್ಯತಾರ, ಅದೂ ಪೂರ್ತಿ ಅಲ್ಲ, ನಾಕ ಗುಳಿಗಿ ಕತ್ತರಿಸಿ. ವೈರಸ್ಸಿನ ನೆಗಡಿಗೆ, ಡೆಂಗ್ಯೂ ಜ್ವರಕ್ಕ ಅದು ಏನೂ ಮಾಡೂದಿಲ್ಲ, ಆದ್ರ ಕರಳಿನ್ಯಾಗ ಇದ್ದ ಬ್ಯಾಕ್ಟೀರಿಯಾಗಳೊಳಗ ಎಂಜೈಮು ಇದ್ದಾವನ್ನ ಅಷ್ಟ ಉಳಿಸಿ ಬರತೈತಿ.

ಮತ್ತ ಈ ಕ್ಲಾವುಲಾನಿಕ್ ಆಸಿಡ್ ಎಲ್ಲಾ ಎಂಜೈಮಿಗೂ ನಾಟೂದಿಲ್ಲ. ಎನ್‌ಡಿಎಂ-1 ಅನ್ನೋ ಬೀಟಾ ಲ್ಯಾಕ್ಟಮೇಸ್ ಐತಲ್ಲ, 2008ರಾಗ ದಿಲ್ಲಿಯೊಳಗ ಚಿಕಿತ್ಸೆ ತಗೊಂಡು ಸ್ವೀಡನ್ನಿಗೆ ಹೋದ ರೋಗಿಯೊಳಗ ಮೊದಲ ಸಿಕ್ಕಿದ್ದು, ಅದರ ಕೆಲಸ ನಡಸೋದು ಜಿಂಕ್, ಅಂದ್ರ ಸತುವು. ಜಿಂಕ್ ನೀರಿನ ಅಣು ಹಿಡಕೊಂಡು ನೇರ ಉಂಗುರಕ್ಕ ಹಾಕತೈತಿ, ಎಂಜೈಮು ಉಂಗುರಕ್ಕ ಅಂಟಿಕೊಳ್ಳೋ ಹಂತಾನ ಇಲ್ಲ, ಹಿಂಗಾಗಿ ಕ್ಲಾವುಲಾನಿಕ್ ಆಸಿಡ್‌ಗೆ ಸಿಗೂದಿಲ್ಲ. ಐಸಿಯುದಾಗ ಕೊಡೋ ಮೆರೋಪೆನೆಮ್, ಇಮಿಪೆನೆಮ್‌ನಂಥಾ ಸೂಜಿ ಔಷಧಾನೂ ಅದು ಮುರಿತೈತಿ. 2011ರಾಗ ದಿಲ್ಲಿಯ 50 ನಳದ ನೀರಿನ ಮಾದರಿಯೊಳಗ 2ರಾಗ, ಬೀದಿಯೊಳಗ ನಿಂತ ನೀರಿನ 171 ಮಾದರಿಯೊಳಗ 51ರಾಗ ಈ ಎಂಜೈಮಿನ ಜೀನ್ ಸಿಕ್ಕಿತ್ತು, ಅಂದ್ರ ಆಸ್ಪತ್ರಿ ಗೋಡಿ ದಾಟಿ ಎಂದೋ ಹೊರಗ ಬಂದೈತಿ. 2019ರಾಗ ಜಗತ್ತಿನ್ಯಾಗ ಔಷಧ ನಾಟಲಾರದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತಾವ್ರು ಸುಮಾರು 12.7 ಲಕ್ಷ ಅಂತ ಅಂದಾಜು, ಆ ಸಾವಿನ್ಯಾಗ ಎಷ್ಟೋ ಮಂದಿ ಬಾಣಂತಿ ಇದ್ದಿರಬೇಕು, ಎಷ್ಟೋ ಕೂಸು ಇದ್ದಿರಬೇಕು, ಸಾದಾ ಆಪರೇಷನ್ ಮಾಡಿಸಿಕೊಂಡಾವ್ರು ಇದ್ದಿರಬೇಕು. ನನಗ ಇದನ್ನ ಕ್ಲಾಸಿನ್ಯಾಗ ಬರೀ ಅಂಕಿ ಅಂತ ಓದಿ ಹೇಳಾಕ ಆಗೂದಿಲ್ಲ.

ಕಾಯ್ದೆ ಇಲ್ಲಂತ ಅಲ್ಲ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅನ್ನೋ ಔಷಧ ಮಾರಾಟದ ನಿಯಮ ಜಾರಿ ಐತಿ, ಅದರಾಗ ಬರೋ ಆಂಟಿಬಯಾಟಿಕ್ ಮಾರಿದ್ರ ಅಂಗಡಿಯಾಂವ ಡಾಕ್ಟರ ಹೆಸರು, ರೋಗಿ ಹೆಸರು, ಎಷ್ಟು ಕೊಟ್ಟಾನ ಅನ್ನೋದನ್ನ ಬ್ಯಾರೆ ರಿಜಿಸ್ಟರ್‌ದಾಗ ಬರದು ಮೂರು ವರ್ಷ ಇಡಬೇಕು. ಗುಳಿಗಿ ಪಟ್ಟಿ ಮ್ಯಾಲೆ ಕೆಂಪು ಗೆರಿ ಇದ್ರ ಚೀಟಿ ಇಲ್ಲದ ಕೊಡಬಾರದು. ಬಾಗಲಕೋಟಿ, ವಿಜಯಪುರ, ಕೊಪ್ಪಳ ಈ ನಮ್ಮ ಮೂರೂ ಜಿಲ್ಲಾದಾಗ ಎಷ್ಟು ಅಂಗಡಿಯೊಳಗ ಆ ರಿಜಿಸ್ಟರ್ ಐತಿ ಅಂತ ನಿಮ್ಮ ವರದಿಗಾರರು ಒಂದ್ಸಲ ತಿರುಗಾಡಿ ನೋಡಲಿ, ಗೊಬ್ಬರದ ಅಂಗಡಿಯೊಳಗ ಸ್ಟ್ರೆಪ್ಟೋಮೈಸಿನ್ ಪುಡಿ ಎಂಥಾ ಚೀಟಿ ಮ್ಯಾಲೆ ಕೊಡತಾರ ಅನ್ನೋದನ್ನೂ ನೋಡಲಿ. ತಾಲೂಕಾ ದವಾಖಾನಿಯೊಳಗ ಕಲ್ಚರ್ ಪರೀಕ್ಷಾ ಆಗತೈತೋ ಇಲ್ಲೋ, ಆಗದಿದ್ರ ಸ್ಯಾಂಪಲ್ ಬೆಳಗಾವಿಗೋ ವಿಜಯಪುರಕ್ಕೋ ಕಳಸಾಕ ವ್ಯವಸ್ಥಾ ಏನೈತಿ, ಇದನ್ನ ಆರೋಗ್ಯ ಇಲಾಖೆಗೆ ಕೇಳ್ರಿ. ಕಲ್ಚರ್ ಇಲ್ಲದ ಡಾಕ್ಟರಗ ಯಾವ ಎಂಜೈಮು ಎದುರಿಗೆ ಐತಿ ಅಂತ ಹೆಂಗ ತಿಳಿಬೇಕು, ಅಂದಾಜಿನ ಮ್ಯಾಲೆ ದೊಡ್ಡ ಔಷಧ ಬರದುಬಿಡತಾರ, ಅವರನ್ನ ಬೈದು ಏನೂ ಉಪಯೋಗ ಇಲ್ಲ.

ನಿಮ್ಮ ಪೇಪರಿಗೆ ನನ್ನ ವಿನಂತಿ ಎರಡ. ಆರೋಗ್ಯ ಪುಟದಾಗ ಮೈ ಒಗ್ಗತೈತಿ ಅಂತ ಬರದಿದ್ದನ್ನ ತಿದ್ದಿ, ಬ್ಯಾಕ್ಟೀರಿಯಾ ಎಂಜೈಮಿನಿಂದ ಔಷಧ ಮುರಿತೈತಿ ಅನ್ನೋದನ್ನ ಚಿತ್ರ ಹಾಕಿ ಒಂದು ಕಾಲಮ್ ಬರೀರಿ, ಬೇಕಾದ್ರ ನಾನು ನಮ್ಮ ಹುಡುಗರು ಕೂಡಿ ಬರದು ಕೊಡ್ತೀವಿ, ರೊಕ್ಕ ಬ್ಯಾಡ. ಎರಡನೇದು, ಕೃಷಿ ಪುಟದಾಗ ದಾಳಿಂಬರಿ ಸಲಹೆ ಹಾಕೋಕಿಂತ ಮೊದಲ ತೋಟಗಾರಿಕಾ ವಿಶ್ವವಿದ್ಯಾಲಯದ ರೋಗಶಾಸ್ತ್ರದವರಿಗೆ ಒಮ್ಮೆ ತೋರಿಸ್ರಿ, ಸ್ಟ್ರೆಪ್ಟೋಮೈಸಿನ್ ಇಲ್ಲದ ಅಂಗಮಾರಿ ಹತೋಟಿ ಹೆಂಗ ಅಂತ ಅವರಿಂದಾನ ಪೂರ್ತಿ ಪುಟ ಬರಸ್ರಿ. ಹಸ್ತ ಬಹಾರದ ಚಾಟನಿ ಸೆಪ್ಟೆಂಬರ್ ಹೊತ್ತಿಗೆ ಶುರು ಆಗತೈತಿ, ರೈತರು ಗೊಬ್ಬರದ ಅಂಗಡಿಗೆ ಪುಡಿ ತರಾಕ ಹೋಗೋದು ಅದರ ಬೆನ್ನಿಗೆ, ಹಿಂಗಾಗಿ ಆ ಪುಟ ಆಗಸ್ಟ್ ಒಳಗ ಬಂದ್ರ ಉಪಯೋಗ ಆಗತೈತಿ.

ನಿಮ್ಮ ಓದುಗ,
ಹುನಗುಂದ ತಾಲೂಕು, ಬಾಗಲಕೋಟೆ ಜಿಲ್ಲೆ